ಹಿಮ ಬೀಳದ ಊರಿಗೆ ಹಿಮನಾಡಿನ ನೆಂಟರು

ನವಿ ಮುಂಬೈಯ ಐರೋಲಿಯಲ್ಲಿ ಫ್ಲೆಮಿಂಗೊ ನೋಡಲು ಹೋಗುವ ದೋಣಿ ಎಷ್ಟು ಗಂಟೆಗೆ ಹೊರಡುತ್ತದೆಂದು ಕೇಳಿ ನೋಡಿ. ಅಲ್ಲಿಯವರು ಗೋಡೆಯ ಗಡಿಯಾರ ನೋಡಿ ಹೇಳುವುದಿಲ್ಲ, ಭರತ-ಇಳಿತದ ಪಟ್ಟಿ ನೋಡಿ ಹೇಳುತ್ತಾರೆ! ಇವತ್ತು ಏಳಕ್ಕೆ ಹೊರಟದ್ದು ನಾಳೆ ಏಳು ಐವತ್ತರ ಹೊತ್ತಿಗೆ, ನಾಡಿದ್ದು ಇನ್ನೂ ತಡ; ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನಕ್ಕೆ ಜಾರಿರುತ್ತದೆ. ಫಾಸ್ಟ್ ಲೋಕಲ್ ಎರಡು ನಿಮಿಷ ತಡವಾದರೆ ಇಡೀ ದಿನ ಕೆಟ್ಟಿತೆಂದು ಗೊಣಗುವ ಈ ಊರಿನಲ್ಲಿ, ಟಿಕೆಟ್ ಕೊಟ್ಟು ಹತ್ತುವ ಒಂದು ವಾಹನ ಚಂದ್ರನ ಮಾತು ಕೇಳಿಕೊಂಡು ನಡೆಯುತ್ತದೆ. ನೀರು ಪೂರಾ ಇಳಿದಿದ್ದರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ. ಪೂರಾ ಏರಿದ್ದರೆ ಕೆಸರಿನ ಬಯಲೇ ಮುಳುಗಿ ಹಕ್ಕಿಗಳು ಬೇರೆಲ್ಲೋ ಹೋಗಿ ಕೂತಿರುತ್ತವೆ. ಈ ಎರಡರ ನಡುವೆ ಸಿಗುವ ಒಂದಿಷ್ಟು ಹೊತ್ತಿದೆಯಲ್ಲ, ಆಗ ಥಾಣೆ ಖಾಡಿಯಲ್ಲಿ (ಥಾಣೆ ಕ್ರೀಕ್) ನಡೆಯುವುದನ್ನು ನೋಡಿದ ಮೇಲೆ ಕಂಡಕಂಡವರನ್ನೆಲ್ಲ ಹಿಡಿದು ನಿಲ್ಲಿಸಿ ಹೇಳುವ ಚಟ ನನಗೆ ಹತ್ತಿದೆ.

ಈಗ ನೀವು ಸಿಕ್ಕಿದ್ದೀರಿ, ಕೇಳಿ.

ಚಳಿಗಾಲದಲ್ಲಿ ಕಾಡುಜೀವಿ ನೋಡಲು ಜನ ಎಲ್ಲೆಲ್ಲಿಗೋ ಹೋಗುತ್ತಾರೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಲಾಮಾರ್ ಕಣಿವೆಯಲ್ಲಿ ಹಿಮದ ನಡುವೆ ನಿಂತು, 1995ರಲ್ಲಿ ಮರಳಿ ತಂದುಬಿಟ್ಟ ತೋಳಗಳ ಸಂತತಿಯನ್ನು ದುರ್ಬೀನಿನಲ್ಲಿ ಹುಡುಕುತ್ತಾರೆ. ನಮ್ಮ ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಜನವರಿ-ಫೆಬ್ರುವರಿಯ ಕೊರೆಯುವ ಚಳಿಯಲ್ಲೇ ಹೋಗಿ, ರುಂಬಕ್ ಹಳ್ಳಿಯ ಮನೆಗಳಲ್ಲಿ ಉಳಿದು, ಎದುರಿನ ಬೆಟ್ಟದಲ್ಲಿ ಹಿಮಚಿರತೆಯ ಬಾಲವಾದರೂ ಅಲ್ಲಾಡೀತೇ ಎಂದು ದಿನಗಟ್ಟಲೆ ಕಾಯುತ್ತಾರೆ. ಹೋಗಿ ಬಂದವರ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ, ಸುಳ್ಳು ಯಾಕೆ ಹೇಳಲಿ. ಖರ್ಚಿನ ಲೆಕ್ಕ ಕೇಳಿದ ಮೇಲೆ ಹೊಟ್ಟೆಕಿಚ್ಚು ಕೊಂಚ ಇಳಿಯಿತು, ಅಷ್ಟೆ. ಚಿರತೆಯ ಮಾತಿಗೆ ಬಂದರೆ ನಮ್ಮ ಬೋರಿವಲಿಯೂ ಏನು ಕಡಿಮೆಯೆ? ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುತ್ತ ಕೋಟಿಗೂ ಮೀರಿದ ಜನ, ಮತ್ತು 2015ರ ಕ್ಯಾಮೆರಾ ಗಣತಿಯಲ್ಲಿ ಸಿಕ್ಕ ಚಿರತೆಗಳ ಸಂಖ್ಯೆ 35! ಅವುಗಳ ಕತೆ ಇನ್ನೊಂದು ದಿನಕ್ಕಿರಲಿ. ಅವು ನಮ್ಮನ್ನು ನೋಡುತ್ತವೆಯೇ ಹೊರತು ನಮಗೆ ಕಾಣಿಸುವುದು ಅಪರೂಪ. ಖಾಡಿಯ ಜೀವಿಗಳಿಗೆ ಆ ಬಿಗುಮಾನವಿಲ್ಲ.

ಮುಂಬೈಯಲ್ಲಿ ಹಿಮ ಎಲ್ಲಿಂದ ಬರಬೇಕು! ಜನವರಿಯ ಬೆಳಗ್ಗೆ ಹದಿನಾರು ಡಿಗ್ರಿಗೆ ಇಳಿದರೆ ಮರಾಠಿ ಪತ್ರಿಕೆಗಳಲ್ಲಿ ತಲೆಬರಹ, ವಾಚ್‌ಮನ್ನರ ತಲೆಯ ಮೇಲೆ ಮಂಕಿ ಕ್ಯಾಪು, ನಮ್ಮಂಥವರ ಮೈಮೇಲೆ ಟ್ರಂಕಿನ ನುಸಿಗುಳಿಗೆ ವಾಸನೆಯ ಸ್ವೆಟರು. ಆದರೆ ಕೇಳಿ, ಹಿಮದಲ್ಲಿ ಹುಟ್ಟಿದ ಜೀವಗಳೇ ಹಿಮ ಬಿಟ್ಟು ಇಲ್ಲಿಗೆ ಇಳಿದು ಬಂದಿವೆ! ಸೈಬೀರಿಯದ ತುಂಡ್ರಾದಲ್ಲಿ ಮೊಟ್ಟೆಯೊಡೆದದ್ದು, ಲಡಾಖಿನ ಹೆಪ್ಪುಗಟ್ಟುವ ಸರೋವರಗಳ ದಂಡೆಯಲ್ಲಿ ರೆಕ್ಕೆ ಬಲಿತದ್ದು ಈಗ ಮುಲುಂಡ್-ಐರೋಲಿ ಸೇತುವೆಯ ಕೆಳಗೆ, ಹೈಟೆನ್ಷನ್ ತಂತಿಗಳ ಅಡಿಯಲ್ಲಿ, ನಮ್ಮ ನಿಮ್ಮ ಮನೆಗಳ ಕೊಳಚೆ ಬಂದು ಸೇರುವ ಕೆಸರಿನಲ್ಲಿ ತಿಂಡಿ ತಿನ್ನುತ್ತಿವೆ. ಥಾಣೆ-ವಾಶಿ ಲೋಕಲ್ ಹಿಡಿದು ಐರೋಲಿಯಲ್ಲಿ ಇಳಿದು ರಿಕ್ಷಾ ಮಾಡಿದರೆ ಮುಗಿಯಿತು. ವೀಸಾ ಬೇಡ, ಹಿಮದ ಬೂಟು ಬೇಡ.

ದೋಣಿ ಹೊರಡುವುದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್ ನಡೆಸುವ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ. ಗೈಡ್ ಆಗಿ ಬಂದವಳು ಕಾಲೇಜು ಮುಗಿಸಿ ಹೆಚ್ಚು ದಿನವಾಗಿರಲಿಕ್ಕಿಲ್ಲ ಅನ್ನಿಸುವ ಮರಾಠಿ ಹುಡುಗಿ. ಹತ್ತುವ ಮೊದಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಒಂದು ಎಲೆ ತೋರಿಸಿ, “ಕಾಕೂ, ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿ” ಎಂದಳು. ನಮ್ಮ ಗುಂಪಿನಲ್ಲಿದ್ದ ಕುಂದಾಪುರದ ಅಜ್ಜಿಯೊಬ್ಬರು ಎಲ್ಲರಿಗಿಂತ ಮುಂಚೆ ನೆಕ್ಕಿ, “ಉಪ್ಪು ಮಾರಾಯ್ರೆ!” ಎಂದು ಕೂಗಿದರು. ಅಪ್ಪಟ ಉಪ್ಪು! ಖಾಡಿಯ ನೀರಿನ ಜೊತೆ ಒಳಗೆ ಬಂದ ಉಪ್ಪನ್ನು ಈ ಗಿಡ ಎಲೆಯ ಮೇಲೆ ಕಕ್ಕಿ, ಬಿಸಿಲಿಗೆ ಸಣ್ಣ ಹರಳುಗಳಾಗಿ ಒಣಗಿಸುತ್ತದೆ. ಬುಡದ ಸುತ್ತ ನೆಲದಿಂದ ಮೇಲಕ್ಕೆ ನೆಟ್ಟಗೆ ಎದ್ದ ಬೆರಳುದ್ದದ ಬೇರುಗಳು, ಸಾವಿರಾರು. ಕೆಸರಿನಲ್ಲಿ ಸಿಗದ ಗಾಳಿಯನ್ನು ಅವು ಇಳಿತದ ಹೊತ್ತಿನಲ್ಲಿ ಹೀರಿಕೊಳ್ಳುತ್ತವೆ. ಲೋಕಲ್ ಟ್ರೇನಿನ ಕಿಟಕಿಯಿಂದ ನಾವೆಲ್ಲ ಪೊದೆಯೆಂದು ಕಡೆಗಣಿಸಿ ದಾಟಿಹೋಗುವ ಹಸಿರು ಇದೇ!

ದೋಣಿ ಖಾಡಿಗೆ ಇಳಿಯಿತು. ಹುಟ್ಟಿನಿಂದ ಕೋಳಿ ಸಮುದಾಯದ ಮೀನುಗಾರರಾದ ದೋಣಿಯ ಕಾಕಾ ನೀರಿನ ಬಣ್ಣ ನೋಡಿಯೇ ಆಳ ತಿಳಿಯುವವರು. “ಭರತಿ ಇನ್ನೂ ಅರ್ಧ ಇದೆ” ಎಂದು ಎಂಜಿನ್ ತಗ್ಗಿಸಿದರು. ಎಡಕ್ಕೆ ಬೂದು ಕೆಸರಿನ ಬಯಲು. ನನ್ನ ಕಣ್ಣಿಗೆ ಕೆಸರು ಮಾತ್ರ ಕಂಡಿತು. “ಬಗಾ, ಬಗಾ, ಕೆಸರು ಓಡುತ್ತಿದೆ” ಎಂದಳು ಹುಡುಗಿ. ಹೌದಲ್ಲ! ಬಯಲಿನ ಒಂದು ಪಟ್ಟೆಯೇ ಎದ್ದು ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿತು. ದುರ್ಬೀನಿನಲ್ಲಿ ನೋಡಿದರೆ ನೂರಾರು ಹಕ್ಕಿಗಳು, ಒಂದೊಂದೂ ಮುಷ್ಟಿಯೊಳಗೆ ಹಿಡಿಯುವಷ್ಟು, ಬೆನ್ನು ಪೂರಾ ಕೆಸರಿನದೇ ಬಣ್ಣ. ಅವುಗಳಲ್ಲಿ ತೀರ ಚಿಕ್ಕದು ಲಿಟ್ಲ್ ಸ್ಟಿಂಟ್. ತೂಕ ಇಪ್ಪತ್ತೈದು ಗ್ರಾಮಿನ ಆಸುಪಾಸು. ಅದು ಗೂಡು ಕಟ್ಟುವುದು ಆರ್ಕ್ಟಿಕ್ ತುಂಡ್ರಾದಲ್ಲಿ, ಅಂದರೆ ಆರು ಸಾವಿರ ಕಿಲೋಮೀಟರಿನಷ್ಟು ಉತ್ತರಕ್ಕೆ! ಇಪ್ಪತ್ತೈದು ಗ್ರಾಂ! ನಮ್ಮ ಮನೆಯ ಅಡುಗೆ ತಕ್ಕಡಿಯಲ್ಲಿ ಮುಳ್ಳು ಸರಿಯಾಗಿ ಅಲ್ಲಾಡುವುದೂ ಇಲ್ಲ. ಪಕ್ಕದಲ್ಲೇ ಕೊಕ್ಕು ಕೆಳಗೆ ಬಾಗಿದ ಕರ್ಲ್ಯೂ ಸ್ಯಾಂಡ್‌ಪೈಪರ್, ಅದೂ ಸೈಬೀರಿಯದ ಉತ್ತರದ ಅಂಚಿನದು. ತುಸು ದುಂಡಗೆ, ದೊಡ್ಡ ಕಣ್ಣಿನ ಸ್ಯಾಂಡ್ ಪ್ಲೋವರುಗಳು ಟಿಬೆಟಿನ ಪ್ರಸ್ಥಭೂಮಿ, ಹಿಮಾಲಯದಾಚೆಯ ಎತ್ತರದ ಬಯಲುಗಳಿಂದ ಬಂದವು. ಆಮೇಲೆ ಉದ್ದ ಕಾಲಿನ ಗಾಡ್‌ವಿಟ್‌ಗಳು. ಹೊಟ್ಟೆ ಮುಟ್ಟುವ ನೀರಿನಲ್ಲಿ ಸಾಲಾಗಿ ನಿಂತು ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಚುಚ್ಚುತ್ತಿದ್ದವು, ಕಣ್ಣು ಮುಚ್ಚಿಯೇ ಏನೋ ಹುಡುಕುವವರ ಗತ್ತಿನಲ್ಲಿ.

ಒಂದು ಸಂಗತಿ ನೋಡಿ. ಇವೆಲ್ಲ ಒಂದೇ ಕೆಸರಿನಲ್ಲಿ ತಿನ್ನುತ್ತವೆ, ಆದರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ಸ್ಟಿಂಟ್‌ನದು ಮೇಲ್ಪದರದ ಹುಳ, ಸ್ಯಾಂಡ್‌ಪೈಪರಿನದು ಬೆರಳಾಳದ್ದು, ಗಾಡ್‌ವಿಟ್‌ನದು ಅದಕ್ಕೂ ಕೆಳಗಿನದ್ದು. ಕೊಕ್ಕಿನ ಉದ್ದವೇ ಪ್ರತಿಯೊಂದರ ರೇಷನ್ ಕಾರ್ಡು!

ಗೈಡ್ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ದುರ್ಬೀನು ನನ್ನ ಕೈಯಲ್ಲೂ ಇತ್ತು, ಕಣ್ಣು ನನಗೂ ಎರಡಿದ್ದವು. ಅವಳು “ಆ ಮೂರನೇ ಕಂಬದ ಎಡಕ್ಕೆ, ತುದಿಯಲ್ಲಿ” ಎನ್ನುವವರೆಗೂ ವಿದ್ಯುತ್ ಗೋಪುರದ ಮೇಲೆ ಮೀನು ಹರಿದು ತಿನ್ನುತ್ತ ಕೂತ ಮೀನುಡೇಗೆ ನನ್ನ ಪಾಲಿಗೆ ಇರಲೇ ಇಲ್ಲ. ಅವಳು ಹೇಳಿದ ಮೇಲೆ ಅದು ಬಿಟ್ಟರೆ ಬೇರೇನೂ ಕಾಣಲಿಲ್ಲ!

ಅಷ್ಟರಲ್ಲಿ ದೋಣಿಯ ಹಿಂದೆ ಬಿಳಿ ಗದ್ದಲ. ಸೀಗಲ್‌ಗಳು! ಮುಂಬೈಯವರಿಗೆ ಇವು ಹೊಸತಲ್ಲ, ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚಿನಲ್ಲಿ ಇವಕ್ಕೆ ಗಾಠಿಯಾ ಎಸೆದು ಫೋಟೋ ತೆಗೆದುಕೊಳ್ಳದವರು ಯಾರಿದ್ದಾರೆ? (ಎಸೆಯಬೇಡಿ. ಎಣ್ಣೆಯಲ್ಲಿ ಕರಿದ ಕಡಲೆಹಿಟ್ಟು ಮೀನು ತಿನ್ನುವ ಹೊಟ್ಟೆಗೆ ಆಗಿಬರುವುದಿಲ್ಲ.) ಒಂದು ಹಕ್ಕಿ ದೋಣಿಯ ವೇಗಕ್ಕೆ ಸರಿಯಾಗಿ ನನ್ನ ಭುಜದ ಪಕ್ಕದಲ್ಲೇ ತೇಲುತ್ತ ಬಂತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೆಂಪು ಕೊಕ್ಕು, ತುದಿ ಕಪ್ಪು. ರೆಕ್ಕೆಯ ತುದಿಯೂ ಕಪ್ಪು, ಆ ಕಪ್ಪಿನೊಳಗೆ ಎರಡು ಬಿಳಿ ಮಚ್ಚೆ. ಕಣ್ಣಿನ ಪಾಪೆಯ ಸುತ್ತ ತೆಳು ಹಳದಿ ಉಂಗುರ. ಅದರಿಂದಲೇ ಅದು ನನ್ನನ್ನು ಯಾವುದೋ ಬಾಕಿ ವಸೂಲಿಗೆ ಬಂದಂತೆ ನೋಡುತ್ತಿತ್ತು. ತಲೆ ಪೂರ್ತಿ ಬಿಳಿ, ಕಣ್ಣಿನ ಹಿಂದೆ ಮಾತ್ರ ಒಂದು ಮಸಿ ಬೊಟ್ಟು. ಇದರ ಹೆಸರೇನು ಅಂದಿರಿ? ಕಂದುತಲೆ ಕಡಲಕ್ಕಿ! ಕಂದೇ ಇಲ್ಲದ ಕಂದುತಲೆ! ಬೇಸಿಗೆಯಲ್ಲಿ ಇದರ ತಲೆ ಚಾಕೊಲೇಟು ಬಣ್ಣಕ್ಕೆ ತಿರುಗುತ್ತದಂತೆ, ಚಳಿಗಾಲಕ್ಕೆ ಆ ಗರಿ ಉದುರಿ ಬೊಟ್ಟಷ್ಟೇ ಉಳಿಯುತ್ತದೆ. ಇದು ಮರಿ ಮಾಡುವ ಜಾಗಗಳಲ್ಲಿ ಒಂದು ಲಡಾಖಿನ ತ್ಸೋ ಮೊರಿರಿ, ಸಮುದ್ರಮಟ್ಟದಿಂದ 4,500 ಮೀಟರಿಗೂ ಎತ್ತರದ ಸರೋವರ. ಚಳಿಗಾಲದಲ್ಲಿ ಅಲ್ಲಿ ನೀರು ಕಲ್ಲಾಗುತ್ತದೆ, ಹಕ್ಕಿ ಇಳಿದು ಬರುತ್ತದೆ. ಹೆಮಿಸ್‌ಗೆ ಹೋದವರು ಹಿಮಚಿರತೆಗೆ ಕಾಯುತ್ತ ಕೂತಿರುವ ಹೊತ್ತಿಗೆ, ಅದೇ ನಾಡಿನ ನಿವಾಸಿ ಐರೋಲಿಯಲ್ಲಿ ನನ್ನ ಭುಜಕ್ಕೆ ಬಂದಿದೆ!

ಕರ್ನಾಟಕದಲ್ಲಿರುವವರು ಬೇಸರಿಸಬೇಡಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಇಳಿಯುವ ಪಟ್ಟೆತಲೆಯ ಹೆಬ್ಬಾತುಗಳೂ ಇದೇ ದಿಕ್ಕಿನವು, ಹಿಮಾಲಯವನ್ನೇ ಹಾರಿ ದಾಟಿ ಬರುವ ಧೀರರು. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲೇ ಹತ್ತಿರದ ಶಿರಹಟ್ಟಿಯ ಕಡೆಯ ನೆಂಟರಿದ್ದರೆ ಡಿಸೆಂಬರಿನಲ್ಲೇ ಒಂದು ಮದುವೆ ಕರೆಯೋಲೆ ಕಳಿಸಲು ಹೇಳಿ.

ಈಗ ಗುಲಾಬಿಗೆ ಬರುತ್ತೇನೆ. ಇಷ್ಟು ಹೊತ್ತು ತಡೆದುಕೊಂಡದ್ದೇ ದೊಡ್ಡದು.

ತಿರುವು ದಾಟಿತು, ಕಾಕಾ ಎಂಜಿನ್ ನಿಲ್ಲಿಸಿದರು, ದೋಣಿ ತಾನಾಗಿ ತೇಲಿತು. ಮುಂದೆ ನೀರು ಮತ್ತು ಕೆಸರು ಸೇರುವ ಗೆರೆಯುದ್ದಕ್ಕೂ, ಆ ತುದಿಯಿಂದ ಈ ತುದಿಯವರೆಗೆ, ಗುಲಾಬಿ. ಗುಲಾಬಿ ಎಂದರೆ ಚೆಲ್ಲಿದ ಹಾಗೆ, ಹರಿದ ಹಾಗೆ, ಮುಗಿಯದ ಹಾಗೆ! ಹಿಂದೆ ಕಟ್ಟಡಗಳು, ಅದರ ಹಿಂದೆ ಹೊಗೆಮಂಜು, ಮುಂದೆ ಸಾವಿರ ಸಾವಿರ ರಾಜಹಂಸಗಳು, ಎಲ್ಲದರ ತಲೆಯೂ ಕೆಳಗೆ. ಸದ್ದು ಒಂದಿತ್ತು, ಒಂದೇ ಸಮನೆ ಗೊಣಗುಟ್ಟುವ, ಜಾತ್ರೆಯ ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಏಳುವಂಥ ಸದ್ದು. ದೋಣಿಯಲ್ಲಿದ್ದವರು ಮೊಬೈಲು ಎತ್ತುವುದನ್ನೂ ಮರೆತರು, ಒಂದರ್ಧ ನಿಮಿಷವಾದರೂ. ಮುಂಬೈಯವರಿಗೆ ಅರ್ಧ ನಿಮಿಷ ದೊಡ್ಡದು.

ಹೆಚ್ಚಿನವು ಲೆಸ್ಸರ್ ಫ್ಲೆಮಿಂಗೊ, ಕುಳ್ಳು ಜಾತಿ, ಕೊಕ್ಕು ಕಡುಗೆಂಪು. ನಡುನಡುವೆ ಎದ್ದು ಕಾಣುವ ಎತ್ತರದವು ಗ್ರೇಟರ್. ಮೈ ಬಿಳುಪು, ಕೊಕ್ಕು ತಿಳಿ ಗುಲಾಬಿ, ತುದಿ ಕಪ್ಪು. ಇವು ಹಿಮನಾಡಿನವಲ್ಲ, ಅದನ್ನು ಹೇಳಿಬಿಡಬೇಕು. ಗುಜರಾತಿನ ಕಛ್‌ನ ರಣದಲ್ಲಿ, ‘ಫ್ಲೆಮಿಂಗೊ ಸಿಟಿ’ ಎಂದೇ ಹೆಸರಾದ ಉಪ್ಪುಕೆಸರಿನ ಬಯಲಿನಲ್ಲಿ, ಕೆಸರಿನ ದಿಬ್ಬ ಕಟ್ಟಿ ಒಂದೇ ಒಂದು ಮೊಟ್ಟೆ ಇಡುವ ಜಾತಿ ಇದು. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಇಲ್ಲಿಗೆ ಬಂದು ಮೇ ತನಕ ಉಳಿಯುತ್ತವೆ.

ತಿನ್ನುವ ಪರಿ ನೋಡಿ! ತಲೆಯನ್ನು ತಲೆಕೆಳಗು ಮಾಡಿ, ಮೇಲಿನ ಕೊಕ್ಕು ಕೆಳಗೆ ಬರುವಂತೆ ನೀರಿಗಿಳಿಸಿ, ದಪ್ಪ ನಾಲಿಗೆಯನ್ನು ಸೆಕೆಂಡಿಗೆ ಹಲವು ಸಲ ಹಿಂದೆಮುಂದೆ ಆಡಿಸಿ ನೀರು ಒಳಗೆಳೆದು ಹೊರದೂಡುತ್ತದೆ. ಕೊಕ್ಕಿನ ಅಂಚಿನ ಕೂದಲಂಥ ಜಾಲರಿಯಲ್ಲಿ ಸಿಕ್ಕಿಕೊಂಡ ಪಾಚಿ ಹೊಟ್ಟೆಗೆ. ಇಷ್ಟೇ ಎಂದುಕೊಂಡಿದ್ದರು ಎಲ್ಲರೂ. 2025ರಲ್ಲಿ ಚಿಲಿಯ ಜಾತಿಯ ಫ್ಲೆಮಿಂಗೊಗಳ ಮೇಲೆ ನಡೆದ ಸಂಶೋಧನೆಯೊಂದು ಪ್ರಕಟವಾಯಿತು: ಅವು ಸುಮ್ಮನೆ ಸೋಸುವುದಿಲ್ಲ, ಕಾಲಿನಿಂದ ಕೆಸರು ಕಲಕಿ, ತಲೆಯನ್ನು ಸರಕ್ಕನೆ ಮೇಲೆಳೆದು ನೀರಿನೊಳಗೆ ಪುಟ್ಟ ಸುಂಟರಗಾಳಿಗಳನ್ನು ಎಬ್ಬಿಸಿ, ಆ ಸುಳಿಯಲ್ಲಿ ಬೇಟೆಯನ್ನು ಬಾಯಿಯ ಹತ್ತಿರಕ್ಕೆ ತಂದುಕೊಳ್ಳುತ್ತವೆ! ಅಷ್ಟು ನಾಜೂಕಾಗಿ ನಿಂತದ್ದು, ಕೆಳಗೆ ಸುಂಟರಗಾಳಿ!

ಬಣ್ಣ ಬರುವುದೂ ಊಟದಿಂದಲೇ. ಪಾಚಿಯಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತು ಗರಿಗೆ ಇಳಿಯುತ್ತದೆ. ಮರಿ ಹುಟ್ಟುವಾಗ ಬೂದು, ಗುಲಾಬಿಯಾಗಲು ಎರಡು-ಮೂರು ವರ್ಷ ಬೇಕು. ಹಿಂಡಿನಲ್ಲಿ ಅಲ್ಲಲ್ಲಿ ಮಣ್ಣುಬಣ್ಣದ ಹುಡುಗರು ಕಂಡರೆ ಅವು ಇನ್ನೂ ಸಾಕಷ್ಟು ತಿಂದಿಲ್ಲವೆಂದೇ ಅರ್ಥ. ಕುಂದಾಪುರದ ಅಜ್ಜಿ, “ನಮ್ಮ ಮೊಮ್ಮಗನ ಹಾಗೆ” ಎಂದು ತೀರ್ಪು ಕೊಟ್ಟರು.

ಇನ್ನು ಹೇಳಲಿಕ್ಕೆ ಮುಜುಗರವಾಗುವ ಮಾತು. ಇವು ಮುಂಬೈಗೆ ಹಿಂಡುಹಿಂಡಾಗಿ ಬರತೊಡಗಿದ್ದು 1990ರ ದಶಕದಲ್ಲಿ, ಮೊದಲು ಸೆವ್ರಿಯ ಕೆಸರಿಗೆ. ಯಾಕೆ ಬಂದವು? ನಗರದ ಕೊಳಚೆ ಖಾಡಿಗೆ ಇಳಿದು, ಅದರ ಪೋಷಕಾಂಶಗಳಿಂದ ಪಾಚಿ ಬೆಳೆದು ಹಬ್ಬಿದ್ದೇ ಕಾರಣ ಎನ್ನುತ್ತಾರೆ ಬಲ್ಲವರು. ಅಂದರೆ ಈ ಗುಲಾಬಿಯಲ್ಲಿ ಘಾಟ್ಕೋಪರ್, ಭಾಂಡುಪ್, ಮುಲುಂಡ್, ಥಾಣೆಯ ಬಚ್ಚಲುಗಳ ಪಾಲಿದೆ! ಹೆಮ್ಮೆಪಡಬೇಕೋ ನಾಚಿಕೊಳ್ಳಬೇಕೋ ನೀವೇ ಹೇಳಿ. ನಾನಂತೂ ಎರಡನ್ನೂ ಮಾಡಿದೆ. ಹಾಗೆಂದು ಕೊಳಚೆ ಬಿಡುತ್ತಲೇ ಇರೋಣ ಎನ್ನುವಂತಿಲ್ಲ. ಒಂದು ಮಿತಿಯವರೆಗೆ ಊಟ, ಮೀರಿದರೆ ವಿಷ. ಕಾರ್ಖಾನೆಗಳ ಕಸ ಬೇರೆಯೇ ಲೆಕ್ಕ.

1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಎಲ್ಲರ ಬಾಯಲ್ಲಿ ಬಿಎನ್‌ಎಚ್‌ಎಸ್, ಈ ಹಕ್ಕಿಗಳ ಲೆಕ್ಕ ಇಡುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಂಸ್ಥೆ ಇದು. ಅವರು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದ್ದೂ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಒತ್ತಾಯಿಸಿದ್ದೂ ಕನ್ನಡಿಗರಿಗೆ ಮರೆಯಬಾರದ ಋಣ. 2019ರ ಜನವರಿಯ ಎಣಿಕೆಯಲ್ಲಿ ಬಿಎನ್‌ಎಚ್‌ಎಸ್‌ಗೆ ಮುಂಬೈ ಸುತ್ತ ಸಿಕ್ಕ ಫ್ಲೆಮಿಂಗೊಗಳು ಸುಮಾರು 1.2 ಲಕ್ಷ. ಲಕ್ಷ! 2022ರಲ್ಲಿ ಆರು ಫ್ಲೆಮಿಂಗೊಗಳ ಬೆನ್ನಿಗೆ ಜಿಪಿಎಸ್ ಕಟ್ಟಿ ಹೆಸರೂ ಇಟ್ಟರು: ಸಲೀಂ, ಹುಮಾಯೂನ್, ಮೆಕ್ಯಾನ್, ಲೆಸ್ಟರ್, ಖೆಂಗಾರ್‌ಜಿ, ಕೊನೆಗೊಂದು ‘ನವಿ ಮುಂಬೈ’! ಹಕ್ಕಿತಜ್ಞರ, ಕಛ್‌ನ ಮಹಾರಾಜರ ಹೆಸರುಗಳ ಸಾಲಿನಲ್ಲಿ ನಮ್ಮ ಉಪನಗರವೂ ರೆಕ್ಕೆ ಬಿಚ್ಚಿತು. ಮಳೆಗಾಲದ ಹೊತ್ತಿಗೆ ಇವುಗಳಲ್ಲಿ ಕೆಲವು ಗುಜರಾತಿನಲ್ಲಿ ಇಳಿದದ್ದು ನಕ್ಷೆಯಲ್ಲಿ ಕಂಡಿತು.

ದೋಣಿಯಲ್ಲಿ ನಾವು ಇನ್ನೂ ಗುಲಾಬಿ ನೋಡುತ್ತಿದ್ದೆವು, ಅಷ್ಟರಲ್ಲಿ ಮೇಲೊಂದು ನೆರಳು. ಜೌಗಿನ ಸೆಳೆವ, ಮಾರ್ಷ್ ಹ್ಯಾರಿಯರ್. ಅದೂ ಚಳಿಗಾಲದ ವಲಸಿಗನೇ. ಫ್ಲೆಮಿಂಗೊಗಳು ತಲೆ ಎತ್ತಿ ನೋಡಿ ಮತ್ತೆ ಊಟಕ್ಕಿಳಿದವು. ಪುಟಾಣಿಗಳಿಗೆ ಆ ಧೈರ್ಯ ಎಲ್ಲಿ! ಸ್ಟಿಂಟ್, ಪ್ಲೋವರ್, ಸ್ಯಾಂಡ್‌ಪೈಪರ್ ಎಲ್ಲ ಒಟ್ಟಿಗೆ ಬುರ್ರನೆ ಎದ್ದವು. ಸಾವಿರಾರು ಹಕ್ಕಿ ಒಮ್ಮೆಗೇ ಎಡಕ್ಕೆ ಹೊರಳಿದಾಗ ಬೂದು, ಬಲಕ್ಕೆ ಹೊರಳಿದಾಗ ಹೊಟ್ಟೆಗಳ ಬಿಳಿ ಮಿಂಚು, ಮತ್ತೆ ಬೂದು, ಮತ್ತೆ ಮಿಂಚು! ಒಂದಕ್ಕೊಂದು ಡಿಕ್ಕಿಯಿಲ್ಲ. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ದಿನವೂ ಭುಜ ತಾಗಿಸಿಕೊಂಡು ನಡೆಯುವ ನಾವು ಬಾಯಿ ತೆರೆದು ಕೂತೆವು. ಹದ್ದಿಗೆ ಒಂದೇ ಒಂದನ್ನು ಗುರಿಯಿಡಲು ಬಿಡದ ಉಪಾಯ ಇದು ಎಂದಳು ಹುಡುಗಿ. ಸೆಳೆವ ಎರಡು ಸುತ್ತು ಸುತ್ತಿ ಬರಿಗಾಲಲ್ಲಿ ಹೋಯಿತು.

ಈ ಖಾಡಿಯ 1,690 ಹೆಕ್ಟೇರು 2015ರ ಆಗಸ್ಟಿನಿಂದ ಫ್ಲೆಮಿಂಗೊ ಅಭಯಾರಣ್ಯ, ಮಾಲ್ವಣ್ ಬಿಟ್ಟರೆ ಮಹಾರಾಷ್ಟ್ರದ ಎರಡನೇ ಸಾಗರ ಅಭಯಾರಣ್ಯ. 2022ರಲ್ಲಿ ರಾಮ್ಸರ್ ಮಾನ್ಯತೆಯೂ ಬಂತು. ಆದರೆ ಹಕ್ಕಿ ಗಡಿ ನೋಡಿ ಹಾರುತ್ತದೆಯೆ? ಭರತ ಏರಿದಾಗ ಅವು ಕಾಲೂರಲು ಹೋಗುವ ನವಿ ಮುಂಬೈಯ ಕೆರೆಗಳು ಅಭಯಾರಣ್ಯದ ಹೊರಗಿವೆ. ನೆರೂಲಿನ ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಕಟ್ಟಿಹೋಗಿ 2024ರ ಬೇಸಿಗೆಯಲ್ಲಿ ಅಲ್ಲಿ ಹಕ್ಕಿಗಳು ಸತ್ತವು. ಅದೇ ವರ್ಷದ ಮೇ 20ರ ರಾತ್ರಿ ಘಾಟ್ಕೋಪರ್‌ನ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಹಿಂಡೊಂದು ಬಡಿದು ನಲವತ್ತರಷ್ಟು ಫ್ಲೆಮಿಂಗೊಗಳು ಗಲ್ಲಿಗಳಲ್ಲಿ ಬಿದ್ದವು. ಕೆರೆ ಮುಚ್ಚಿ ಫ್ಲ್ಯಾಟು ಕಟ್ಟಿ, ಆಮೇಲೆ ಜಾಹೀರಾತಿನಲ್ಲಿ ‘ಫ್ಲೆಮಿಂಗೊ ವ್ಯೂ’ ಎಂದು ಬರೆಯುವ ಚಾಣಾಕ್ಷತೆಗೆ ನನ್ನ ಬಳಿ ಒಳ್ಳೆಯ ಮಾತಿಲ್ಲ.

ನೀವು ಹೋಗುವುದಾದರೆ ಡಿಸೆಂಬರಿನಿಂದ ಯಾವಾಗಲಾದರೂ ಹೋಗಿ. ಮೊದಲೇ ಸೀಟು ಹಿಡಿದಿಡಿ, ಭಾನುವಾರಗಳು ಬೇಗ ತುಂಬುತ್ತವೆ. ಕೆಂಪು, ಹಳದಿ ಅಂಗಿ ಬೇಡ. ಬಿಸಿಲು ಏರಿದ ಮೇಲೆ ನೀರಿನ ಮೇಲೆ ನೆರಳಿರುವುದಿಲ್ಲ, ಟೋಪಿ ಇರಲಿ. ಮಕ್ಕಳನ್ನು ಕರೆದೊಯ್ಯಿರಿ, ಅಜ್ಜಿಯರನ್ನು ಖಂಡಿತ ಕರೆದೊಯ್ಯಿರಿ. ಜನವರಿಯಲ್ಲಿ ಹೋಗಿ ಬಂದವರು ಮಾರ್ಚ್ ಕೊನೆಗೆ ಇನ್ನೊಮ್ಮೆ ಹೋಗಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಆಗ ಬೂದು ಸ್ಯಾಂಡ್‌ಪೈಪರುಗಳ ಹೊಟ್ಟೆ ಇಟ್ಟಿಗೆ ಕೆಂಪಿಗೆ ತಿರುಗತೊಡಗಿರುತ್ತದೆ, ಸ್ಯಾಂಡ್ ಪ್ಲೋವರುಗಳ ಎದೆಗೆ ಕಿತ್ತಳೆ ಪಟ್ಟಿ ಬಂದಿರುತ್ತದೆ, ಎಲ್ಲವೂ ತಿಂದು ತಿಂದು ದುಂಡಗಾಗಿರುತ್ತವೆ. ಆ ಕೊಬ್ಬೇ ಉತ್ತರದ ದಾರಿಯ ಬುತ್ತಿ. ಸೀಗಲ್‌ಗಳಲ್ಲಿ ಕೆಲವದರ ಕಣ್ಣಿನ ಹಿಂದಿನ ಬೊಟ್ಟು ಹರಡಿ ಹರಡಿ ಇಡೀ ತಲೆ ಕಂದಾಗಿರುತ್ತದೆ. ಕಂದಾಯಿತೆಂದರೆ ತ್ಸೋ ಮೊರಿರಿಯಲ್ಲಿ ಮಂಜು ಕರಗುವ ಕಾಲ ಹತ್ತಿರವಾಯಿತೆಂದು ಲೆಕ್ಕ. ಅವು ಹೊರಡುವ ಮುಂಚೆ ಹೋಗಿ ನೋಡಿ.